ಯಂತ್ರಕ್ಕೆ ನಾನು ಹೇಳಿಕೊಟ್ಟ ಹೊಲದ ಹೆಸರು

ಇದನ್ನು ಬರೆಯುವುದನ್ನು ಮುಂದೂಡುತ್ತಲೇ ಬಂದೆ. ಮೊದಲು ಕೆಲಸದ ನೆಪ, ಕೆಲಸ ಬಿಟ್ಟ ಮೇಲೆ ಮಂಡಿನೋವಿನ ನೆಪ. ಓದಿದವರು ‘ಪಾಪ, ವಯಸ್ಸಾದವರು’ ಎಂದುಬಿಟ್ಟಾರು ಎಂಬ ಸಿಟ್ಟೂ ಇತ್ತು. ಪಾಪ ಎನ್ನಿಸಿಕೊಳ್ಳುವಂಥದ್ದೇನೂ ನಾನು ಮಾಡಿಲ್ಲ.

ಹಾಸನದ ಒಬ್ಬ ವಕೀಲರ ಆಫೀಸಿನಲ್ಲಿ ಗುಮಾಸ್ತನಾಗಿ ನನ್ನ ಆಯಸ್ಸು ಕಳೆಯಿತು. ಓದಿದ್ದು ಎಸ್ಸೆಸ್ಸೆಲ್ಸಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲ ಕೋರ್ಟಿನಲ್ಲೂ ನಮ್ಮ ಕೇಸುಗಳಿದ್ದವು. ಯಾವ ಕಾಗದ ಯಾವ ಬೀರುವಿನಲ್ಲಿದೆ ಎಂಬುದು ನನ್ನ ತಲೆಯಲ್ಲಿತ್ತು. ಬೇಕೆಂದೇ ಯಾರಿಗೂ ಹೇಳಿಕೊಟ್ಟಿರಲಿಲ್ಲ. ನಾನೊಂದು ದಿನ ಮದುವೆಗೆ ಹೋದರೆ ಆಫೀಸು ಕುರುಡಾಗಬೇಕು, ಸೀನಿಯರ್ ಮೇಲಿಂದ ಮೇಲೆ ಫೋನ್ ಮಾಡಬೇಕು, ನಾನು ಎಲೆ ಮುಂದೆ ಕೂತು ಬೇಸರದ ದನಿಯಲ್ಲಿ ಉತ್ತರ ಕೊಡಬೇಕು. ಆ ಸುಖ ನನಗೆ ಬೇಕಿತ್ತು.

ಕೆಲವು ವರ್ಷಗಳ ಹಿಂದೆ ಸೀನಿಯರ್ ಕಡತಗಳನ್ನೆಲ್ಲ ಸ್ಕ್ಯಾನ್ ಮಾಡಿಸಿದರು. ಅವುಗಳಲ್ಲಿ ಬೇಕಾದ್ದನ್ನು ಹುಡುಕಿಕೊಡುವ ಸಾಫ್ಟ್‌ವೇರ್ ಆರಿಸುವ ಕೆಲಸವನ್ನು ನಮ್ಮ ಟೈಪಿಂಗ್ ಹುಡುಗಿಗೆ ಒಪ್ಪಿಸಿದರು. ಅವಳು ಹೊಳೆನರಸೀಪುರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಕೆಲಸ ಖಾಯಂ ಆಗಿರಲಿಲ್ಲ. “ಇದೊಂದು ಸರಿಯಾಗಿ ನಡೆಯೋ ಹಂಗೆ ಮಾಡಮ್ಮ, ನಿನ್ನ ಖಾಯಂ ಮಾಡ್ಕೋತೀನಿ” ಎಂದು ಸೀನಿಯರ್ ನನ್ನೆದುರೇ ಹೇಳಿದರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಅಂದಿನಿಂದ ಅವಳ ನಡಿಗೆ, ನಗು, ಊಟದ ಡಬ್ಬಿಯ ಹುಳಿಯ ವಾಸನೆ, ಎಲ್ಲವೂ ನನಗೆ ಮುಳ್ಳಾಯಿತು.

ಎರಡು ಸಾಫ್ಟ್‌ವೇರ್‌ಗಳು ಎದುರಿಗಿದ್ದವು. ಒಂದನ್ನು ಮೈಸೂರಿನಿಂದ ಮಾರಲು ಬಂದಿದ್ದವನು ಟೈ ಕಟ್ಟಿದ್ದ. ನನ್ನನ್ನು ಅಟೆಂಡರ್ ಎಂದುಕೊಂಡು ನೀರು ಕೇಳಿದ. ಅವನದು ಕಾಗದಗಳನ್ನೆಲ್ಲ ಇಂಟರ್ನೆಟ್ಟಿನಲ್ಲಿ ಎಲ್ಲೋ ಇಟ್ಟುಕೊಳ್ಳುತ್ತಿತ್ತು. ಇನ್ನೊಂದು ನಮ್ಮ ಕಂಪ್ಯೂಟರಿನಲ್ಲೇ ಕೂರುವಂಥದ್ದು. ಹುಡುಗಿ ಕೆಲವು ಕಡತಗಳನ್ನು ಎರಡಕ್ಕೂ ಹಾಕಿ, ಒಂದೇ ಥರದ ಪ್ರಶ್ನೆಗಳನ್ನು ಕೇಳಿ ನೋಡಿದಳು. ಟೈನವನದು ಇಂಗ್ಲಿಷ್ ಆದೇಶಗಳನ್ನು ಚಕಚಕನೆ ತೆಗೆಯಿತು, ಕನ್ನಡ ಬಂದರೆ ತೊದಲಿತು. ಇನ್ನೊಂದು ಅಚ್ಚಾದ ಕನ್ನಡ ಓದುತ್ತಿತ್ತು; ಅದು ಓದಲಾರದ ಕೈಬರಹದ ಪತ್ರಗಳಿಗೆ ನಾವೇ ಗುರುತಿನ ಪದ ಸೇರಿಸಬಹುದಿತ್ತು. ಕಕ್ಷಿಗಾರರ ಕಾಗದ ಹೊರಗೆ ಹೋಗುತ್ತಿರಲಿಲ್ಲ. ಅವಳು ಅದನ್ನೇ ಆರಿಸಿದಳು. ಆಯ್ಕೆ ಸರಿಯಾಗಿತ್ತು. ಸರಿಯಾಗಿತ್ತೆಂದೇ ನನಗೆ ಉರಿಯಿತು.

ಸೀನಿಯರ್ ಮುಂದೆ ಕೊಂಕು ತೆಗೆದೆ. “ಗಿರಾಕಿ ಸರ್ವೆ ನಂಬರ್ ಹೇಳ್ಕಂಡ್ ಬತ್ತಾನಾ ಸಾರ್? ಬೇಲದ ಮರದ ಹೊಲ ಅಂತಾನೆ. ಆ ಹೆಸ್ರು ಯಾವ ಪತ್ರದಲ್ಲಿ ಅದೆ? ಈ ಡಬ್ಬ ಎಲ್ಲಿಂದ ತೆಗೀತದೆ?”

ಮಾತು ನಿಜವೇ. ನಮ್ಮ ಕಡೆ ಹೊಲಕ್ಕೆ ಮನೆಯವರು ಕರೆಯುವ ಹೆಸರು ಒಂದು, ಕಾಗದದ ನಂಬರು ಒಂದು. ಎರಡನ್ನೂ ಜೋಡಿಸುವುದು ಗುಮಾಸ್ತನ ನೆನಪು.

ಹುಡುಗಿ ಸೋಲಲಿಲ್ಲ. ಮರುದಿನ ನನ್ನ ಪಕ್ಕ ಕುರ್ಚಿ ಎಳೆದುಕೊಂಡಳು. “ಅಣ್ಣ, ನೀವು ಹೇಳ್ತಾ ಹೋಗಿ. ಪ್ರತಿ ಪತ್ರಕ್ಕೂ ಆ ಹೆಸರು ಸೇರಿಸ್ತೀನಿ.”

“ನನ್ನ ತಲೆ ಬಗೆದು ಅದರ ಹೊಟ್ಟೆಗೆ ತುಂಬ್ಬುಟ್ರೆ ಆಮೇಲೆ ನಾನ್ಯಾಕಮ್ಮ? ಬಾಗ್ಲು ಕಾಯಕ್ಕಾ?”

“ಅಯ್ಯೋ, ನೀವಿಲ್ದೆ ಇದಕ್ಕೇನ್ ಗೊತ್ತಾಯ್ತದಣ್ಣ? ಟೀ ತರುಸ್ಲಾ?”

ಅವಳು ತರಿಸಿದ ಟೀ ಕುಡಿಯುತ್ತಲೇ ಹೆಸರು ಹೇಳಿದೆ. ನಂಬಿಕೆ ಬರಲಿ ಎಂದು ಬಹಳಷ್ಟನ್ನು ಸರಿಯಾಗಿಯೇ ಹೇಳಿದೆ. ರಾಮನಾಥಪುರದ ಹತ್ತಿರದ ಎರಡು ತಂಬಾಕಿನ ಹೊಲಗಳ ಹೆಸರನ್ನು ಮಾತ್ರ ಅದಲುಬದಲು ಮಾಡಿದೆ. ಅಕ್ಕಪಕ್ಕದ ಹೊಲಗಳು, ಎರಡೂ ನಮ್ಮ ಕಕ್ಷಿಗಾರರವೇ. ಬೇಲದ ಮರದ ಹೊಲ ಒಬ್ಬ ಹೆಂಗಸಿನದು. ಅದರ ದಾವೆ ಅರಕಲಗೂಡಿನಲ್ಲಿ ಸಾಕ್ಷಿಗೆ ಬರುವುದರಲ್ಲಿತ್ತು. ಎಲ್ಲ ತಿಳಿದೇ ಮಾಡಿದೆ.

ಸಾಕ್ಷಿಯ ದಿನ ಬೆಳಿಗ್ಗೆ ಆ ಹೆಂಗಸು ಆಫೀಸಿಗೇ ಬಂದಳು. “ಬ್ಯಾಲದ ಮರದ್ ಒಲದ್ ಮೂಲಪತ್ರ ತಕ್ಕಳಿ ಸಾ, ಇವತ್ತು ಕೇಳ್ತಾರಂತೆ.” ಹುಡುಗಿ ಹೆಸರು ಒತ್ತಿದಳು. ಪತ್ರ ಪರದೆಯ ಮೇಲೆ ಬಂತು, ಬೀರುವಿನ ಗುರುತಿನ ಸಮೇತ. ಅವಳ ಮುಖ ಅರಳಿತು. ಹಳೆಯ ಪತ್ರ, ತಾತಂದಿರ ಹೆಸರುಗಳು, ಕೂಡಿಸಿ ಗೀಚಿದ ಮೋಡಿ ಅಕ್ಷರ. ಬಸ್ಸು ಹಿಡಿಯುವ ಅವಸರದಲ್ಲಿ ಓದುವಂಥದ್ದಲ್ಲ. ಜೂನಿಯರ್ ವಕೀಲ ಅದನ್ನು ಚೀಲಕ್ಕೆ ಹಾಕುತ್ತ ನನ್ನತ್ತ ತಿರುಗಿದ. “ಇದೇ ತಾನೆ?”

“ನನ್ನೇನ್ ಕೇಳೀರಿ? ಯಂತ್ರ ಹೇಳ್ತಲ್ಲ!”

ಕೋರ್ಟಿನಲ್ಲಿ ಬಿಚ್ಚಿದರೆ ಅದು ಪಕ್ಕದ ಹೊಲದ ಪತ್ರ. ಎದುರು ವಕೀಲರು ನಕ್ಕರಂತೆ. ಜಡ್ಜ್ ಬೈದು ವಾಯಿದೆ ಹಾಕಿದರಂತೆ. ಸಂಜೆ ಸೀನಿಯರ್ ಕೂಗಾಡಿದ್ದು ರಸ್ತೆಗೆ ಕೇಳುವಂತಿತ್ತು.

“ಅಣ್ಣ ಹೇಳಿದ್ದನ್ನೇ ಹಾಕಿದ್ದು ಸಾರ್” ಎಂದಳು ಹುಡುಗಿ.

“ನಾನ್ ಸರಿಯಾಗೇ ಹೇಳಿದ್ದೆ. ಮೊಬೈಲ್ ನೋಡ್ಕಂಡ್ ಟೈಪ್ ಮಾಡಿದ್ರೆ ಇನ್ನೇನಾಯ್ತದೆ?”

ಹೆಸರು ಸೇರಿಸುವಾಗ ಅವಳು ಮೊಬೈಲ್ ಮುಟ್ಟಿರಲೇ ಇಲ್ಲ. ಈಗ ನನ್ನ ಮುಖವನ್ನೇ ನೋಡಿದಳು. ಸಿಟ್ಟಿನಿಂದಲ್ಲ, ತನಗೇ ಅನುಮಾನ ಬಂದವಳ ಹಾಗೆ. ಆ ತಿಂಗಳ ಕೊನೆಗೆ ಅವಳನ್ನು ಕೆಲಸದಿಂದ ತೆಗೆದರು. ಟೈನವನ ಸಾಫ್ಟ್‌ವೇರ್ ಬಂತು. ಅವನು ಮತ್ತೆ ನೀರು ಕೇಳಿದ, ನಾನು ನಗುತ್ತ ತಂದುಕೊಟ್ಟೆ. ಕನ್ನಡದ ಪತ್ರ ಬೇಕಾದವರು ಮತ್ತೆ ನನ್ನ ಮೇಜಿನ ಮುಂದೆ ನಿಂತರು.

ಎಷ್ಟೋ ದಿನಗಳ ಮೇಲೆ ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ನಾನು ಮುಖ ತಿರುಗಿಸಿದರೂ ಹತ್ತಿರ ಬಂದಳು. ಅಲ್ಲೇ ಒಂದು ಜೆರಾಕ್ಸ್ ಅಂಗಡಿಯಲ್ಲಿದ್ದಳು. ಇನ್ನೊಬ್ಬ ವಕೀಲರು ಕಂಪ್ಯೂಟರ್ ಕೆಲಸಕ್ಕೆ ಕರೆದಿದ್ದರಂತೆ, ಹೋಗಲಿಲ್ಲವಂತೆ.

“ಭಯ ಆಯ್ತದಣ್ಣ. ಮತ್ತೆ ಇನ್ಯಾರ ಪತ್ರಾನೋ ತಪ್ಪಿಸ್ಬುಟ್ರೆ? ಒಂದ್ ಮಾತು ಕೇಳ್ಲಾ? ಅವತ್ತು ನಾನೇ ಅಲ್ವಾ ತಪ್ಪು ಹಾಕಿದ್ದು?”

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಸುತ್ತ ಪರಿಚಯದವರು ಒಬ್ಬರೂ ಇಲ್ಲ, ನನ್ನ ಬಸ್ಸು ಬಂದಿರಲಿಲ್ಲ.

“ಹೂಂ ಕಣಮ್ಮ” ಎಂದೆ. “ಹೋಗ್ಲಿ ಬಿಡು. ನಾನೇನೂ ಮನಸಲ್ಲಿ ಇಟ್ಕಂಡಿಲ್ಲ.”

ಅವಳ ಕಣ್ಣು ತುಂಬಿತು. ಥ್ಯಾಂಕ್ಸ್ ಅಣ್ಣ ಎಂದಳು.

ಆಮೇಲೆ ಸೀನಿಯರ್ ಬಳಿ ಒಪ್ಪಿಕೊಂಡೆ. “ಹಳೇದು ಬಿಡ್ರೀ” ಎಂದರು. ರಾಮನಾಥಪುರಕ್ಕೆ ಹೋಗಿ ಹೊಲದ ಹೆಂಗಸಿನ ಬೈಗುಳವನ್ನೂ ತಿಂದು ಬಂದೆ. ಇವೆರಡೂ ಸುಲಭದವು. ಕ್ಷಮೆ ಕೇಳದೆ ಉಳಿದಿರುವುದು ಒಬ್ಬಳನ್ನೇ: ತಪ್ಪು ತನ್ನದೆಂದೂ ನಾನು ಅದನ್ನು ಕ್ಷಮಿಸಿದ್ದೇನೆಂದೂ ನಂಬಿಕೊಂಡಿರುವ, ಹೊಳೆನರಸೀಪುರದ ಆ ಟೈಪಿಂಗ್ ಹುಡುಗಿಯನ್ನು.