ನನ್ನ ಟ್ರಕ್ಕು ಎಳೆಯುವಷ್ಟೇ ದೋಣಿ

ಕೆನಡಾದ ಬ್ರ್ಯಾಂಪ್ಟನ್ನಿಗೆ ಬಂದ ಮೊದಲ ಚಳಿಗಾಲ. ಒಂದು ಬೆಳಿಗ್ಗೆ ಬೇಸ್‌ಮೆಂಟಿನ ಕಿಟಕಿಯಿಂದ ಕತ್ತೆತ್ತಿ ನೋಡಿದರೆ ಎದುರುಮನೆಯ ಅಂಗಳದಲ್ಲಿ ಒಂದು ದೋಣಿ ನಿಂತಿತ್ತು. ಸುತ್ತ ಎಲ್ಲೂ ಹನಿ ನೀರಿಲ್ಲ. ಮೊಣಕಾಲುಮಟ್ಟ ಹಿಮ, ಅದರ ನಡುವೆ ಎರಡು ಗಾಲಿಯ ಮೇಲೆ, ಮೈತುಂಬ ಬಿಳಿ ಪ್ಲಾಸ್ಟಿಕ್ ಸುತ್ತಿಸಿಕೊಂಡು, ಹೊತ್ತೊಯ್ಯಲು ಯಾರೂ ಬಾರದ ಹೆಣದ ಹಾಗೆ. ನಾನು ಗಂಡ ಮಹಾಂತೇಶನನ್ನು ಎಬ್ಬಿಸಿ ಕಿಟಕಿಗೆ ಕರೆದೆ.

"ದೋಣಿ ಐತಿ. ಹೊಳಿ ಎಲ್ಲೈತಿ?"

"ದೂರ ಐತಂತ. ಟ್ರಕ್ಕಿಗೆ ಕಟ್ಟಿ ಎಳಕೊಂಡು ಹೋಗ್ತಾರ. ಈಗ ಮಕ್ಕೋ," ಅಂದು ಅವನು ಮತ್ತೆ ಕಂಬಳಿ ಎಳೆದುಕೊಂಡ.

ನೀರಿಲ್ಲದ ಊರಲ್ಲಿ ದೋಣಿ ಸಾಕುವ ಜನರ ನಡುವೆ ನಾನು ಬದುಕಬೇಕೇ ಅಂತ ಅವತ್ತು ಸಿಟ್ಟು ಬಂದಿತ್ತು. ಆ ಸಿಟ್ಟು ಇನ್ನೂ ಹೋಗಿಲ್ಲ. ಊರಿನಿಂದ ಫೋನ್ ಮಾಡಿ "ಕೆನಡಾ ಹೆಂಗೈತಿ" ಅಂತ ಕೇಳುವವರಿಗೆ ನಾನು ಸುಳ್ಳು ಹೇಳುವುದಿಲ್ಲ. ಈ ಊರಿಗೆ ನಾನು ಬೇಕಾಗಿಲ್ಲ, ನನಗೂ ಇದು ಅಷ್ಟಕ್ಕಷ್ಟೇ. ಇಬ್ಬರೂ ಒಬ್ಬರನ್ನೊಬ್ಬರು ಸಹಿಸಿಕೊಂಡಿದ್ದೇವೆ.

ನಾನು ಅಂಬಿಗರ ಮಗಳು, ಹೆಸರು ಗಂಗಾ. ಬಾಗಲಕೋಟೆಯ ಕಡೆ ಕೃಷ್ಣಾ ಹೊಳೆಯ ದಂಡೆಯ ನಮ್ಮೂರಿಗೆ ಸೇತುವೆ ಬರುವ ತನಕ ಜನರನ್ನು ದಾಟಿಸುತ್ತಿದ್ದವನು ನಮ್ಮಪ್ಪ. ಅವನದು ಹರಿಗೋಲು. ಬಿದಿರಿನ ದೊಡ್ಡ ದುಂಡನೆಯ ಬುಟ್ಟಿ. ಅದಕ್ಕೆ ಹಿಂದೂ ಇಲ್ಲ, ಮುಂದೂ ಇಲ್ಲ. ಸಂಜೆ ಅಪ್ಪನೂ ಕಾಕಾನೂ ಅದನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು ತರುತ್ತಿದ್ದರು. ದೂರದಿಂದ ನೋಡಿದರೆ ಬುಟ್ಟಿಗೇ ನಾಲ್ಕು ಕಾಲು ಬಂದಂತೆ ಕಾಣುತ್ತಿತ್ತು. ಅಲ್ಲಿ ಮನುಷ್ಯ ದೋಣಿಯನ್ನು ಹೊತ್ತ. ಇಲ್ಲಿ ದೋಣಿಗೆ ಅದರದೇ ಗಾಲಿ, ಅದರದೇ ನಂಬರ್ ಪ್ಲೇಟು, ಅದನ್ನು ಅಂಗಳದಲ್ಲಿ ಎಲ್ಲಿ ಎಷ್ಟು ದಿನ ನಿಲ್ಲಿಸಬಹುದು ಅನ್ನುವುದಕ್ಕೆ ನಗರಸಭೆಯ ಕಾನೂನು.

ಅಪ್ಪನಿಗೆ ಒಂದು ಹೆಸರಿತ್ತು. ಅವನು ಯಾರನ್ನೂ ದಂಡೆಯಲ್ಲಿ ಬಿಟ್ಟು ಹೋಗುವವನಲ್ಲ. ಹರಿಗೋಲು ತುಂಬಿದ ಮೇಲೂ ಯಾರಾದರೂ ಓಡಿ ಬಂದರೆ "ಬರ್ರಿ, ಇನ್ನೊಬ್ಬರು ಹಿಡೀತೈತಿ" ಅನ್ನುತ್ತಿದ್ದ. ಊರವರು ಇದನ್ನು ಇವತ್ತಿಗೂ ಹೊಗಳುತ್ತಾರೆ. ಆದರೆ ಆಗ ಅಂಚಿಗೂ ನೀರಿಗೂ ನಡುವೆ ಉಳಿಯುತ್ತಿದ್ದುದು ನಾಲ್ಕು ಬೆರಳು. ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ತಗಡಿನ ಡಬ್ಬಿಯಿಂದ ನೀರು ಗೋರಿ ಹೊರಗೆ ಚೆಲ್ಲುತ್ತಿದ್ದವಳು ನಾನು. ನನ್ನನ್ನು ಯಾರೂ ಹೊಗಳಲಿಲ್ಲ.

ಇಲ್ಲಿ ನಾವು ಮೊದಲು ನಾರ್ತ್ ಯಾರ್ಕಿನಲ್ಲಿ, ಲಿಫ್ಟಿನಲ್ಲಿ ನಾಲ್ಕು ದೇಶದ ಒಗ್ಗರಣೆ ವಾಸನೆ ಬರುವ ಎತ್ತರದ ಕಟ್ಟಡದಲ್ಲಿದ್ದೆವು. ಆಮೇಲೆ ಬ್ರ್ಯಾಂಪ್ಟನ್ನಿನ ಬೇಸ್‌ಮೆಂಟು, ಆಮೇಲೆ ಅದೇ ಬೀದಿಯಲ್ಲಿ ಸ್ವಂತ ಮನೆ. ಮಹಾಂತೇಶ ವೇರ್‌ಹೌಸಿನಲ್ಲಿ. ನಾನು ಪಿಕಪ್ ಓಡಿಸಿ ಗ್ಯಾರೇಜುಗಳಿಗೆ ಗಾಡಿಯ ಬಿಡಿಭಾಗ ಮುಟ್ಟಿಸುತ್ತೇನೆ. ಮುಂದೆ ಐದು ಜನರ ಸೀಟು, ಹಿಂದೆ ತೆರೆದ ಡಬ್ಬ ಇರುವ ಗಾಡಿಗೆ ಇಲ್ಲಿ ಪಿಕಪ್ ಟ್ರಕ್ ಅನ್ನುತ್ತಾರೆ. ನಮ್ಮದು ಅದರಲ್ಲಿ ನಡುಗಾತ್ರದ್ದು. ಗ್ಯಾರೇಜಿನ ಪಂಜಾಬಿ ಹುಡುಗರು ಶುರುವಿನಲ್ಲಿ "ಆಂಟೀಜಿ, ಗಾಡಿ ಕೌನ್ ಚಲಾತಾ ಹೈ" ಅಂತ ನನ್ನ ಹಿಂದೆ ಡ್ರೈವರನನ್ನು ಹುಡುಕುತ್ತಿದ್ದರು. ಹಿಮದಲ್ಲಿ ಹೂತ ಅವರದೇ ಗಾಡಿಯನ್ನು ನಾನು ಎಳೆದು ಕೊಟ್ಟ ಮೇಲೆ ಆ ಪ್ರಶ್ನೆ ನಿಂತಿತು.

ಆದರೂ ಎದೆಯಲ್ಲಿ ಒಂದು ಒಣಗಿದ ಜಾಗ ಇತ್ತು. ನನಗೆ ಕಾಲ ಕೆಳಗೆ ನೀರು ಬೇಕಾಗಿತ್ತು. ಬೇರೆ ಹೆಂಗಸರು ಇಲ್ಲಿ ಬಂಗಾರ ಕೇಳುತ್ತಾರೆ, ಪಕ್ಕದ ಊರು ಮಿಲ್ಟನ್ನಿನಲ್ಲಿ ಹೊಸ ಮನೆ ಕೇಳುತ್ತಾರೆ. ನಾನು ಮೀನು ಹಿಡಿಯುವ ಒಂದು ದೋಣಿ ಕೇಳಿದೆ. ಕನ್ನಡದವರ ಒಂದು ಊಟದಲ್ಲಿ ಇದನ್ನು ಹೇಳಿದಾಗ ಒಬ್ಬರು ಪಾಯಸದ ಬಟ್ಟಲು ಕೆಳಗಿಟ್ಟು, "ಮೀನು ಹಿಡಿಯೋದಾ? ನೀವಾ? ಸುಮ್ನೆ ಅಂಗಡೀಲಿ ತಗೊಳ್ಳೋದಲ್ವಾ?" ಅಂತ ಮೂಗು ಮುರಿದರು. ಅವರ ಮನೆಯ ಊಟಕ್ಕೆ ನಾನು ಮತ್ತೆ ಹೋಗಿಲ್ಲ.

ದೋಣಿಯ ಸುದ್ದಿ ಮಿಲ್ಟನ್ನಿನಲ್ಲಿದ್ದ ಭಾವನ ಕಿವಿಗೆ ಬಿತ್ತು. ಭಾವ ಅಂದರೆ ಮಹಾಂತೇಶನ ಅಣ್ಣ ಶಿವಾನಂದ. ನಮ್ಮನ್ನು ಈ ದೇಶಕ್ಕೆ ಕರೆಸಿಕೊಂಡವರು ಅವರೇ. ಅದನ್ನು ನಾವು ಮರೆಯದಂತೆ ನೋಡಿಕೊಳ್ಳುವವರೂ ಅವರೇ. ಒಂದು ಭಾನುವಾರ ಬಂದು, ಕೋಟು ಕೂಡ ತೆಗೆಯದೆ, "ನನ್ನ ಆಫೀಸಿನವ ಒಬ್ಬ ಮಾರಾಕ್ಹತ್ಯಾನ. ಫೈಬರ್‌ಗ್ಲಾಸಿಂದು, ಭಾರೀ ದೋಣಿ. ಎಲ್ಲಾರೂ ಕುಂದರಬಹುದು. ನಾನೂ ಅರ್ಧ ಹಾಕ್ತೀನಿ. ದೋಣಿ ನಾವು ತಗೋಳೂನು, ಟ್ರಕ್ಕು ಹೆಂಗೂ ನಿಮ್ಮದೈತಿ," ಅಂದರು.

ನಾನು ಅಷ್ಟರಲ್ಲಾಗಲೇ ಓದಿಕೊಂಡಿದ್ದೆ. ಡ್ರೈವರಿನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಒಂದು ಹಳದಿ ಚೀಟಿ ಅಂಟಿಸಿರುತ್ತಾರೆ. ಜನ, ಸಾಮಾನು ಎಲ್ಲ ಸೇರಿ ಈ ಟ್ರಕ್ಕು ಎಷ್ಟು ಹೊರಬಹುದು ಅಂತ ಅದರಲ್ಲಿ ಇರುತ್ತದೆ. ದೋಣಿ ಹೊತ್ತು ಹಿಂದೆ ಬರುವ ಟ್ರೇಲರಿಗೆ ಮುಂದಕ್ಕೆ ಚಾಚಿದ ಒಂದು ಕಬ್ಬಿಣದ ಮೂತಿ ಇದೆ, ಇವರು ಅದಕ್ಕೆ ನಾಲಗೆ ಅನ್ನುತ್ತಾರೆ. ಆ ನಾಲಗೆ ಟ್ರಕ್ಕಿನ ಬೆನ್ನ ಮೇಲೆ ಒತ್ತುವ ಭಾರವೂ ಅದೇ ಚೀಟಿಯ ಲೆಕ್ಕಕ್ಕೆ ಬರಬೇಕು. ಐದು ಜನ ಒಳಗೆ ಕೂತರೆ ಅರ್ಧ ಲೆಕ್ಕ ಅಲ್ಲಿಯೇ ಮುಗಿಯುತ್ತದೆ. ಇದನ್ನು ಭಾವನಿಗೆ ಹೇಳಿದೆ.

"ಏ ಗಂಗಾ, ಕಂಪನಿಯವರ ಪುಸ್ತಕದಾಗ ಬರದೈತಿ. ಈ ಟ್ರಕ್ಕು ಇದಕ್ಕಿಂತ ಭಾರದ್ದು ಎಳೀತೈತಿ. ನೀ ಯಾಕ ಹೆದರ್ತಿ?"

"ಪುಸ್ತಕದಾಗಿನ ಟ್ರಕ್ಕಿನ್ಯಾಗ ಡ್ರೈವರ್ ಒಬ್ಬನ ಕುಂತಿರ್ತಾನ, ಭಾವಾರ. ನಮ್ಮ ಟ್ರಕ್ಕಿನ್ಯಾಗ ನೀವೆಲ್ಲಾರೂ ಕುಂತಿರ್ತೀರಿ."

"ಸ್ವಲ್ಪ ಅಡ್ಜಸ್ಟ್ ಆಗ್ತೈತಿ ಬಿಡು," ಅಂದರು. ಮಹಾಂತೇಶ ನೆಲ ನೋಡುತ್ತಿದ್ದ. ಅಣ್ಣನ ಮುಂದೆ ಅವನಿಗೆ ನೆಲ ಬಹಳ ಇಷ್ಟ.

ಆ ಆಫೀಸಿನವನು ವಾರಾಂತ್ಯಕ್ಕೆ ದೋಣಿಯನ್ನು ಕೊಟ್ಟ, ನೋಡಿ ಆಮೇಲೆ ಹೇಳಿ ಅಂತ. ನಮ್ಮ ಮನೆತನದ ಪದ್ಧತಿಯಲ್ಲಿ ದೋಣಿ ಮೊದಲ ಸಲ ನೀರಿಗಿಳಿಯುವಾಗ ಗಂಗೆಗೆ ಪೂಜೆ ಆಗಬೇಕು, ಮನೆಮಂದಿಯೆಲ್ಲ ಒಟ್ಟಿಗೆ ಕೂರಬೇಕು, ಬುತ್ತಿ ಇರಬೇಕು. ಕೊಳ್ಳುವ ಮೊದಲೇ ಪೂಜೆ ಯಾಕೆ ಅಂತ ಕೇಳಿದ್ದಕ್ಕೆ ಭಾವ, "ಕೊಳ್ಳೋದು ಆಗಿ ಹೋತು ಅಂತ ತಿಳಿ," ಅಂದರು. ನೆಗೆಣ್ಣಿ, ಅಂದರೆ ಭಾವನ ಹೆಂಡತಿ, ಊರಿನ ಜಾತ್ರೆಗೆ ಹೊರಟವರಂತೆ ರೊಟ್ಟಿ, ಶೇಂಗಾ ಹೋಳಿಗೆ, ಬುತ್ತಿಯನ್ನ, ನೀರಿನ ಕ್ಯಾನು, ಗ್ಯಾಸ್ ಒಲೆ, ಮಡಚುವ ಮೇಜು, ಕುರ್ಚಿ ಎಲ್ಲ ತಂದು ಡ್ರೈವ್‌ವೇಯಲ್ಲಿ ಗುಡ್ಡೆ ಹಾಕಿದರು.

ಎಲ್ಲಿ ಇಡುವುದು ಅಂತ ಕೇಳಿದರು. ಹೇಳಿದವಳು ನಾನೇ. ಹರಿಗೋಲಿನಲ್ಲಿ ಜನ ಒಂದು ಕಡೆ ಕೂತರೆ ಗಂಟುಮೂಟೆ ಎದುರು ಕಡೆ ಹೋಗಬೇಕು, ಇಲ್ಲದಿದ್ದರೆ ಮಗುಚುತ್ತದೆ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತಿರುವ ವಿದ್ಯೆ. ಜನ ಟ್ರಕ್ಕಿನಲ್ಲಿ, ಮುಂದೆ. ಹಾಗಾಗಿ ಸಾಮಾನನ್ನೆಲ್ಲ ದೋಣಿಯ ಹಿಂಭಾಗಕ್ಕೆ, ಮೋಟರಿನ ಪಕ್ಕಕ್ಕೆ ಹಾಕಿ ಅಂದೆ. ಎಲ್ಲರೂ ಹಾಕಿದರು. ಆ ಕ್ಷಣ ಒಬ್ಬರೂ ನನ್ನ ಮಾತಿಗೆ ಎದುರಾಡಲಿಲ್ಲ. ಎದುರಾಡಬೇಕಾಗಿದ್ದದ್ದು ಅದೊಂದಕ್ಕೇ.

ಉತ್ತರಕ್ಕೆ ಹೋಗುವ ನಾನೂರನೇ ನಂಬರಿನ ಹೆದ್ದಾರಿಯಲ್ಲಿ ಒಂದು ಕಡೆ ಇಳಿಜಾರಿದೆ. ಪಕ್ಕದಿಂದ ಒಂದು ದೊಡ್ಡ ಲಾರಿ ಗಾಳಿ ಎಬ್ಬಿಸಿಕೊಂಡು ಹಾದುಹೋಯಿತು. ಹಿಂದಿನಿಂದ ಯಾರೋ ಟ್ರಕ್ಕಿನ ಸೊಂಟ ಹಿಡಿದು ಎಡಕ್ಕೆ ಎಳೆದಂತಾಯಿತು. ಆಮೇಲೆ ಬಲಕ್ಕೆ. ಮತ್ತೆ ಎಡಕ್ಕೆ, ಮೊದಲಿಗಿಂತ ಜೋರಾಗಿ. ಹಿಂದಿನ ಸೀಟಿನಲ್ಲಿದ್ದ ನನ್ನ ಮಗಳು ಅನು ತಿರುಗಿ ನೋಡಿ ಮೆಲ್ಲಗೆ, "ಅಮ್ಮಾ, ದ ಬೋಟ್ ಈಸ್ ಡ್ರೈವಿಂಗ್ ಅಸ್," ಅಂದಳು.

"ಬ್ರೇಕ್ ಹಾಕ! ಬ್ರೇಕ್ ಹಾಕ!" ಅಂತ ಭಾವ ಕೂಗಿದರು. ನೆಗೆಣ್ಣಿ ದೇವರನ್ನು ಕೂಗಿದರು. ಗಡುಸಾಗಿ ಬ್ರೇಕ್ ಒತ್ತಿದರೆ ಹಿಂದಿನದು ಮುಂದಿನದನ್ನು ಮಡಚಿ ಹಾಕುತ್ತದೆ ಅಂತ ಓದಿದ್ದೆ. ಆಕ್ಸಿಲರೇಟರಿನಿಂದ ಕಾಲು ತೆಗೆದೆ, ಸ್ಟಿಯರಿಂಗನ್ನು ನೆಟ್ಟಗೆ ಹಿಡಿದೆ, ಬ್ರೇಕಿಗೆ ಕಾಲು ಸೋಕಿಸಲಿಲ್ಲ. ಕನ್ನಡಿಯಲ್ಲಿ ಆ ಬಿಳಿ ದೋಣಿ ಒಂದು ಸಲ ಎಡಗಡೆ, ಒಂದು ಸಲ ಬಲಗಡೆ ಕಾಣಿಸಿಕೊಳ್ಳುತ್ತಿತ್ತು. ವೇಗ ಇಳಿದ ಹಾಗೆ ಅದರ ತುಯ್ದಾಟವೂ ಇಳಿಯಿತು. ರಸ್ತೆಯ ಅಂಚಿಗೆ ತಂದು ನಿಲ್ಲಿಸಿದಾಗ ಹಿಂದೆ ಬರುತ್ತಿದ್ದವರೆಲ್ಲ ಹಾರ್ನ್ ಬಾರಿಸಿ, ಬೆರಳು ತೋರಿಸಿ ಹೋದರು. ಅನು ಅಳಲಿಲ್ಲ. ನನ್ನ ಸೀಟಿನ ಬೆನ್ನನ್ನು ಹಿಂದಿನಿಂದ ಎರಡೂ ಕೈಯಲ್ಲಿ ತಬ್ಬಿಕೊಂಡು ಹಾಗೇ ಕೂತಿದ್ದಳು.

ಎಲ್ಲರನ್ನೂ ಇಳಿಸಿದೆ. ತಡೆಗಂಬಿಯ ಆಚೆ ನಿಲ್ಲಿಸಿ ಫೋನಿನಲ್ಲಿ ಹುಡುಕಿದೆ. ಟ್ರೇಲರಿನ ಮೂತಿ ಭಾರ ಇರಬೇಕು, ಅದರ ಒಟ್ಟು ಭಾರದಲ್ಲಿ ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಪಾಲು ಟ್ರಕ್ಕಿನ ಮೇಲೆ ಕೂರಬೇಕು. ಬಾಲ ಭಾರವಾದರೆ ಅದು ನಾಯಿಯ ಬಾಲದಂತೆ ಅಲ್ಲಾಡತೊಡಗುತ್ತದೆ. ಹಿಂದೂಮುಂದೂ ಇಲ್ಲದ ದೋಣಿಯಲ್ಲಿ ಕಲಿತ ವಿದ್ಯೆ ಹೆದ್ದಾರಿಯಲ್ಲಿ ನನ್ನ ಮಗಳನ್ನು ಕೊಲ್ಲುತ್ತಿತ್ತು. ಗ್ಯಾಸ್ ಒಲೆ, ನೀರು, ಮೇಜು ಎಲ್ಲ ಮುಂದಕ್ಕೆ ತಳ್ಳಿಸಿದೆ. ಕ್ಯಾನಿನ ನೀರು ಚೆಲ್ಲಿಸಿದೆ. ಹೆದ್ದಾರಿ ಬಿಟ್ಟು ಹಳ್ಳಿ ರಸ್ತೆಯಲ್ಲಿ ಎತ್ತಿನ ಬಂಡಿಯ ವೇಗದಲ್ಲಿ ತಿರುಗಿ ಮನೆಗೆ ಬಂದೆವು. ಬುತ್ತಿಯನ್ನು ಡ್ರೈವ್‌ವೇಯಲ್ಲೇ, ಯಾರ ಮುಖವನ್ನೂ ಯಾರೂ ನೋಡದೆ ತಿಂದೆವು.

ಕೈ ತೊಳೆಯುತ್ತ ಭಾವ ಅಂದರು, "ಈಗ ಗೊತ್ತಾತಲ್ಲ. ಸಾಮಾನು ಮುಂದ ಇಟ್ಟರ ಆತು. ದೋಣಿದೇನೂ ತಪ್ಪಿಲ್ಲ."

"ಭಾವಾರ, ಮುಂದಿಟ್ಟರ ಆ ಭಾರ ಟ್ರಕ್ಕಿನ ಮ್ಯಾಲೆ ಬೀಳ್ತೈತಿ, ಚೀಟಿ ಲೆಕ್ಕದಾಗ ಅಲ್ಲೂ ಜಾಗ ಇಲ್ಲ. ಈ ದೋಣಿ ನಾ ಎಳಿಯಂಗಿಲ್ಲ."

"ಹಂಗಾದ್ರ ಎಲ್ಲಾರೂ ಹೆಂಗ ಹೋಗೂದು?"

"ಎಲ್ಲಾರೂ ಹೋಗಂಗಿಲ್ಲ."

ಈ ಮಾತನ್ನು ನಮ್ಮ ಮನೆತನದಲ್ಲಿ ಯಾರೂ ಹೇಳಿರಲಿಲ್ಲ. ಭಾವ ಕಾರು ಹತ್ತಿ ಹೋದರು. ನೆಗೆಣ್ಣಿ ಖಾಲಿ ಡಬ್ಬಿಗಳನ್ನು ನಮ್ಮ ಮನೆಯಲ್ಲೇ ಬಿಟ್ಟರು. ಆ ಬೇಸಿಗೆಯೆಲ್ಲ ಅವರ ಮನೆಯಿಂದ ಫೋನಿಲ್ಲ. ಮಹಾಂತೇಶ ನನ್ನೊಡನೆ ಮಾತಾಡುತ್ತಿದ್ದ, ಆದರೆ ಉಪ್ಪು ಕೇಳುವಾಗ, ಕೀಲಿಕೈ ಕೇಳುವಾಗ ಮಾತ್ರ.

ಮುಂದಿನ ವಸಂತಕ್ಕೆ ನಾನೇ ಹುಡುಕಿದೆ. ದೋಣಿ ಮಾರುವ ಅಂಗಡಿಯವನು ನನ್ನ ಪ್ರಶ್ನೆಗಳಿಗೆಲ್ಲ ಮಹಾಂತೇಶನ ಮುಖ ನೋಡಿ ಉತ್ತರಿಸಿದ. ದೋಣಿಗೆ ಅಂಟಿಸಿದ ಚೀಟಿಯಲ್ಲಿ ಬರೆದ ಭಾರ ಖಾಲಿ ದೋಣಿಯದು ಮಾತ್ರ. ಅದಕ್ಕೆ ಮೋಟರು, ಬ್ಯಾಟರಿ, ಪೆಟ್ರೋಲು, ಟ್ರೇಲರು, ಐಸ್ ಪೆಟ್ಟಿಗೆ ಎಲ್ಲ ಸೇರಿಸಿದರೆ ಎಷ್ಟು ಅಂತ ಕೇಳಿದಾಗ, "ಮೇಡಂ, ಯು ವರಿ ಟೂ ಮಚ್," ಅಂತ ನಕ್ಕ. ಅವನ ಅಂಗಡಿಯಿಂದ ಎದ್ದು ಬಂದೆ. ಕೊನೆಗೆ ಒಬ್ಬ ಮುದುಕನ ಅಂಗಳದಲ್ಲಿ ಹಗುರವಾದ ಅಲ್ಯೂಮಿನಿಯಂ ದೋಣಿ ಸಿಕ್ಕಿತು. ಟ್ರೇಲರಿನ ಸಮೇತ ಜಲ್ಲಿ ಮಾರುವವರ ತೂಕದ ಕಟ್ಟೆಯ ಮೇಲೆ ಹತ್ತಿಸಿ ತೂಗಿಸಿದ ಮೇಲೆಯೇ ತಗೊಂಡೆ. ನಾವು ಮೂವರು ಕೂತರೂ, ಐಸ್ ತುಂಬಿದರೂ, ಹಳದಿ ಚೀಟಿಯ ಲೆಕ್ಕ ಮೀರುತ್ತಿರಲಿಲ್ಲ. ಹೆದ್ದಾರಿಯ ಆ ಇಳಿಜಾರಿನಲ್ಲಿ ಅದು ಹಿಂದೆ ಇದೆಯೋ ಇಲ್ಲವೋ ಅನ್ನುವಷ್ಟು ಸುಮ್ಮನೆ ಬಂತು. ನಾನು ಒಬ್ಬಳೇ ನಕ್ಕೆ.

ಸಿಮ್ಕೋ ಸರೋವರದ ಇಳಿದಾಣಕ್ಕೆ, ಅಂದರೆ ದೋಣಿಯನ್ನು ಹಿಮ್ಮುಖವಾಗಿ ನೀರಿಗೆ ಬಿಡುವ ಕಾಂಕ್ರೀಟಿನ ಇಳಿಜಾರಿಗೆ, ಭಾವ ತಮ್ಮ ಕಾರಿನಲ್ಲಿ ಬಂದಿದ್ದರು. ಮಹಾಂತೇಶ ಕರೆದಿದ್ದನಂತೆ. ಕೈಯಲ್ಲಿ ತೆಂಗಿನಕಾಯಿ, ಕುಂಕುಮ. ನಾನು ಟ್ರೇಲರನ್ನು ಹಿಂದಕ್ಕೆ ಬಿಡುವಾಗ ಒಮ್ಮೆ ಸೊಟ್ಟವಾಯಿತು. ಸರದಿಯಲ್ಲಿದ್ದ ಒಬ್ಬ ಗಡ್ಡದವನು, "ಗೆಟ್ ಯುವರ್ ಹಸ್ಬೆಂಡ್ ಟು ಡೂ ಇಟ್," ಅಂತ ಅರಚಿದ. ಅವನನ್ನು ಇನ್ನಷ್ಟು ಹೊತ್ತು ಕಾಯಿಸಿದೆ.

ಪೂಜೆ ಆಯಿತು. ಕಾಯಿಯನ್ನು ಭಾವನೇ ಒಡೆದರು. ಆಮೇಲೆ ಪ್ಯಾಂಟು ಮಡಚಿ, ಒಂದು ಕಾಲನ್ನು ದೋಣಿಯೊಳಗೆ ಇಟ್ಟರು. ಮಹಾಂತೇಶನೂ ಅನುವೂ ಆಗಲೇ ಕೂತಿದ್ದರು. ಹಿಂದಿನ ಹಲಗೆಯ ಮೇಲೆ ಒಂದು ತಗಡು ಬಡಿದಿದೆ, ಮೂರು ಜನ ಅಂತ.

"ಭಾವಾರ, ಮೂರ ಮಂದಿಗಷ್ಟ ಜಾಗ."

ಅವರು ಕಾಲು ತೆಗೆಯಲಿಲ್ಲ. ಮಹಾಂತೇಶ "ಅಣ್ಣಾ, ನಾ ಇಳೀತೀನಿ" ಅಂತ ಏಳಲು ಹೋದ. ಭಾವ ಅವನ ಭುಜ ಒತ್ತಿ ಕೂರಿಸಿದರು. ಕಾಲು ಹಿಂದಕ್ಕೆ ತೆಗೆದು, ಒದ್ದೆಯಾದ ಬೂಟನ್ನೇ ನೋಡುತ್ತ ಹೇಳಿದರು.

"ನಿಮ್ಮಪ್ಪ ಯಾರನ್ನೂ ದಂಡಿಯಾಗ ಬಿಟ್ಟು ಹೋಗಿದ್ದಿಲ್ಲ ನೋಡು, ಗಂಗಾ."

ನನ್ನ ಹತ್ತಿರ ಉತ್ತರ ಇತ್ತು. ನಾಲ್ಕು ಬೆರಳಿನ ಉತ್ತರ, ತಗಡಿನ ಡಬ್ಬಿಯ ಉತ್ತರ, ಹೆದ್ದಾರಿಯಲ್ಲಿ ನನ್ನ ಸೀಟನ್ನು ತಬ್ಬಿ ಕೂತ ಮಗಳ ಉತ್ತರ. ಆದರೆ ಅವರು ಹೇಳಿದ್ದೂ ನಿಜ. ಮೋಟರಿನ ಹಗ್ಗ ಎಳೆದೆ.

ತೆಂಗಿನಕಾಯಿಯ ಹೋಳು ಹಿಡಿದ ಭಾವ ದಂಡೆಯಲ್ಲಿ ನಿಂತೇ ಇದ್ದರು, ಚಿಕ್ಕವರಾಗುತ್ತ ಹೋದರು. ಅನು ಅವರಿಗೆ ಕೈ ಬೀಸಿದಳು. ನೀರು ಅಂಚಿನಿಂದ ಎಷ್ಟೋ ಕೆಳಗಿತ್ತು. ಇಲ್ಲಿಯ ಕಾನೂನಿನಂತೆ ಪ್ರತಿ ದೋಣಿಯಲ್ಲೂ ನೀರು ಗೋರುವ ಡಬ್ಬಿ ಇರಬೇಕು. ನಮ್ಮದು ಕಾಲ ಬಳಿ ಇತ್ತು, ಕೆಂಪು ಪ್ಲಾಸ್ಟಿಕ್ಕಿನದು. ದೋಣಿಯ ಬುಡ ಒಣಗಿಯೇ ಇತ್ತು. ಆದರೂ ಸರೋವರದ ನಡುವಿನ ತನಕ ನಾನು ಆ ಡಬ್ಬಿಯನ್ನು ಒಂದು ಕೈಯಲ್ಲಿ ಹಿಡಿದೇ ಇದ್ದೆ.