ಕೊಹಿನೂರಿನ ಆರು ನಿಮಿಷ

ನನಗೆ ಸಿಟ್ಟು ಬೇಗ ಬರುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಹುಮನಾಬಾದಿನ ಶಾಲೆಯೊಂದರಲ್ಲಿ ಹನ್ನೊಂದು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ದೀಪಾಲಿ ಟೀಚರ್ ಬಂದರು ಎಂದರೆ ಸಾಕು, ಮಕ್ಕಳು ಉಸಿರು ಬಿಗಿಹಿಡಿಯುತ್ತಾರೆ. ಅಂಥ ನನಗೇ ಪಾಠ ಹೇಳಿದವರು ಬಸವಕಲ್ಯಾಣದಲ್ಲಿ ಗಡಿಯಾರ ರಿಪೇರಿ ಮಾಡುವ ಗಯಾಸುದ್ದೀನ್ ಚಾಚಾ. ಏಳನೆಯ ತರಗತಿಗೇ ಶಾಲೆ ಬಿಟ್ಟ ಮನುಷ್ಯ. ಅವರು ನನಗೆ ಮಾಡಿದ ಉಪಕಾರ ದೊಡ್ಡದು, ಅದನ್ನು ಹೇಳದೇ ಇದ್ದರೆ ನನಗೆ ಸಮಾಧಾನವಿಲ್ಲ.

ಪರಿಚಯವಾದದ್ದು ಜಗಳದಿಂದ. ಹುಡಗಿ ಎಂಬ ಊರಿನ ನನ್ನ ತವರುಮನೆಯಲ್ಲಿ ಹಳೆಯ ಲೋಲಕದ ಗಡಿಯಾರವೊಂದಿತ್ತು. ದಿನಕ್ಕೆ ಐದು ನಿಮಿಷ ಹಿಂದೆ ಬೀಳುತ್ತಿತ್ತು. ಅದನ್ನು ಹೊತ್ತುಕೊಂಡು ಅವರ ಅಂಗಡಿಗೆ ಹೋಗಿ, ಲೋಲಕದ ಬಿಲ್ಲೆ ಭಾರವಾಗಿದೆ, ಹಗುರದ್ದು ಹಾಕಿ ಎಂದು ಅಪ್ಪಣೆ ಕೊಟ್ಟೆ. ಚಾಚಾ ಬಿಲ್ಲೆಯ ಹಿಂದೆ ಒಂದು ಸೀಸದ ತುಂಡು ಅಂಟಿಸಿ ಇನ್ನಷ್ಟು ಭಾರ ಮಾಡಿದರು. ತೂಗುವ ವೇಗ ಬದಲಾಗಲಿಲ್ಲ. ಆಮೇಲೆ ತುಂಡು ಕಿತ್ತು, ಬಿಲ್ಲೆಯನ್ನು ಅಕ್ಕಿಕಾಳಿನ ದಪ್ಪದಷ್ಟು ಮೇಲಕ್ಕೆ ಏರಿಸಿದರು. ಗಡಿಯಾರ ಸರಿಹೋಯಿತು.

"ಭೂಮಿ ಎಲ್ಲಾರಿಗೂ ಒಂದ ಸಮ ಎಳೀತದ್ರಿ ಟೀಚರ್," ಎಂದರು. "ಹಗುರದಂವ, ಭಾರದಂವ ಅಂತ ನೋಡಂಗಿಲ್ಲ. ಬಿಲ್ಲಿ ಎಷ್ಟ ಉದ್ದಕ ಜೋತಾಡ್ತದ, ಅದರ ಮ್ಯಾಲ ಆಟ ಅದ."

ಗುರುತ್ವದ ಪಾಠವನ್ನು ಹನ್ನೊಂದು ಬಾರಿ ಬೋರ್ಡಿನ ಮೇಲೆ ಬರೆದಿದ್ದೆ. ಕಣ್ಣಾರೆ ನೋಡಿದ್ದು ಅವತ್ತೇ ಮೊದಲು. ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಸಿಟ್ಟೂ ಬಂತು. ಮರುವಾರ ತಾನಾಗಿಯೇ ಕಾಲು ಅತ್ತ ಹೋಯಿತು.

ಅಂಗಡಿಯ ಮುಂದೆ ಒಂದು ಹಲಗೆ. ಅದಕ್ಕೆ ಸೈಕಲ್ಲಿನ ಕಡ್ಡಿಯೊಂದನ್ನು ನೆಟ್ಟಗೆ ನಿಲ್ಲಿಸಿ, ನೆರಳಿನ ತುದಿಗೆ ಸೀಮೆಸುಣ್ಣದ ಚುಕ್ಕೆ ಇಡುವುದು ಚಾಚಾನ ಚಟ. ಚಳಿಗಾಲದಲ್ಲಿ ಮಧ್ಯಾಹ್ನದ ನೆರಳು ಎಷ್ಟು ಉದ್ದ, ಮೇ ತಿಂಗಳಲ್ಲಿ ಒಂದು ದಿನ ಅದು ಹೇಗೆ ಕಡ್ಡಿಯ ಬುಡದಲ್ಲೇ ಅಡಗಿ ಇಲ್ಲವಾಗುತ್ತದೆ, ಸೂರ್ಯ ವರ್ಷವಿಡೀ ಹುಟ್ಟುವ ಜಾಗ ಹೇಗೆ ಅತ್ತಿತ್ತ ಸರಿಯುತ್ತದೆ, ಎಲ್ಲವನ್ನೂ ಅಲ್ಲೇ ನಿಂತು ತೋರಿಸಿದರು. ನಾನೂ ಪುಸ್ತಕ ಮುಚ್ಚಿ ಮಕ್ಕಳನ್ನು ಬಿಸಿಲಿಗೆ ಕರೆದುಕೊಂಡು ಹೋಗತೊಡಗಿದೆ. ಬೈಸಿಕೊಳ್ಳುತ್ತಿದ್ದ ಮಕ್ಕಳು ಪ್ರಶ್ನೆ ಕೇಳುವಂತಾದರು. ಅದೆಲ್ಲ ಚಾಚಾನ ಪುಣ್ಯ.

ಅವರಿಗೆ ಒಂದು ಹೆಮ್ಮೆಯಿತ್ತು. ಬಸವಕಲ್ಯಾಣದ ಹತ್ತಿರದ ಕೊಹಿನೂರು ಎಂಬ ಹಳ್ಳಿಯಲ್ಲಿ, ಊರಾಚೆಯ ಹೊಲದಲ್ಲಿ ಅವರ ಮನೆ. ಮಸೀದಿಯ ಅಜಾನ್ ಅಲ್ಲಿಗೆ ಕೇಳಿಸುವುದಿಲ್ಲ. ಹೈದರಾಬಾದಿಗೆ ಕೊಟ್ಟ ತಂಗಿ ಮೂವತ್ತು ವರ್ಷದಿಂದ ಪ್ರತಿ ರಂಜಾನ್‌ಗೂ ಅಲ್ಲಿನ ಉಪವಾಸದ ವೇಳಾಪಟ್ಟಿ ಕಳಿಸುತ್ತಾಳೆ. ಆ ಪಟ್ಟಿ, ಅದರ ಪಕ್ಕ ಚಾಚಾ ತಾವೇ ಕೂಡಿಸಿದ ಗೋಡೆ ಗಡಿಯಾರ. ಅದರಂತೆಯೇ ಮನೆಯವರು ಸಂಜೆ ಹೊತ್ತು ಮುಳುಗಿದೊಡನೆ ರೋಜಾ, ಅಂದರೆ ದಿನದ ಉಪವಾಸ, ಬಿಡುವುದು. ಒಂದು ಸೆಕೆಂಡೂ ಆಚೀಚೆ ಇಲ್ಲ. ಅಂಗಡಿ ಹತ್ತಿರದ ಮಸೀದಿಯಲ್ಲಿ ಸಂಜೆಯ ಅಜಾನ್ ಆರು ನಿಮಿಷ ತಡ ಎಂದು ನಗಾಡುತ್ತಿದ್ದರು. ನಿಮ್ಮ ಗಡಿಯಾರ ಹಿಂದೆ ಬಿದ್ದಿದೆ, ಪುಕ್ಕಟೆ ರಿಪೇರಿ ಮಾಡಿಕೊಡುತ್ತೇನೆ ಎಂದು ಎರಡು ಸಲ ಹೇಳಿಯೂ ಬಂದಿದ್ದರು.

ಈ ಸಲದ ರಂಜಾನ್‌ನಲ್ಲಿ ಒಂದು ಶನಿವಾರ, ಕಡ್ಡಿಯ ನೆರಳು ಗಡಿಯಾರದಲ್ಲಿ ಹನ್ನೆರಡಾದಾಗ ಗಿಡ್ಡವಾಗದೆ ಅರ್ಧ ಗಂಟೆ ಬಿಟ್ಟು ಯಾಕೆ ಗಿಡ್ಡವಾಗುತ್ತದೆ ಎಂದು ಚಾಚಾ ಕೇಳಿದರು. ನನಗೆ ಗೊತ್ತಿದ್ದದ್ದನ್ನು ಅವರು ಕೇಳಿದ್ದು ಅಪರೂಪ. ಉಬ್ಬಿಹೋದೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು, ದೇಶದ ಗಡಿಯಾರ ನಮಗಿಂತ ಐದೂವರೆ ಡಿಗ್ರಿ ಪೂರ್ವದ ಗೆರೆಗೆ ಹೊಂದಿಸಿದ್ದು, ಹೆಚ್ಚಿನ ತಡ ಅದರಿಂದಲೇ, ಉಳಿದದ್ದು ಭೂಮಿ ವಾಲಿಕೊಂಡು ತಿರುಗುವುದರಿಂದ, ತನ್ನ ದಾರಿಯಲ್ಲಿ ಒಂದೇ ಹದವಾಗಿ ಓಡದ್ದರಿಂದ ಎಂದೆಲ್ಲ ಹೇಳಿದೆ. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ಆಗುತ್ತಿತ್ತು. ಹೈದರಾಬಾದ್ ನಮಗಿಂತ ಒಂದೂವರೆ ಡಿಗ್ರಿ ಪೂರ್ವಕ್ಕಿದೆ, ಅಲ್ಲಿ ಸೂರ್ಯ ಆರು ನಿಮಿಷ ಮೊದಲೇ ಮುಳುಗುತ್ತಾನೆ ಎಂದು ಉದಾಹರಣೆ ಬೇರೆ ಕೊಟ್ಟೆ.

ಚಾಚಾನ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗೆ ಬಿತ್ತು. ನನಗೂ ಆಗಲೇ ಹೊಳೆಯಿತು. ಗಡಿಯಾರ ಸರಿ, ಪಟ್ಟಿಯೂ ಸರಿ, ಆದರೆ ಪಟ್ಟಿ ಕೊಹಿನೂರಿನದಲ್ಲ. ಮೂವತ್ತು ವರ್ಷ ಆ ಮನೆಯವರು ಸೂರ್ಯ ಇನ್ನೂ ಮೇಲಿರುವಾಗಲೇ ರೋಜಾ ಬಿಟ್ಟಿದ್ದರು. ಮುಳುಗುವ ಮುಂಚೆ ಒಂದು ಗುಟುಕು ನೀರು ಮುಟ್ಟಿದರೂ ಆ ದಿನದ ಉಪವಾಸ ಹೋದಂತೆ. ಮತ್ತೊಂದು ದಿನ ಹಿಡಿದು ತುಂಬಿಕೊಡಬೇಕು.

"ನಂದು ಬಿಡ್ರಿ, ತಿರುಗಿ ಹಿಡೀತೀನಿ," ಎಂದರು ಚಾಚಾ. "ಅಮ್ಮಾಗ ಎಂಬತ್ತು ದಾಟ್ಯಾವ. ಮೂವತ್ತು ವರ್ಷದ್ದು ಆಕಿ ಹ್ಯಾಂಗ ಹಿಡೀಬೇಕ್ರಿ? ನನ್ನ ಗಡಿಯಾರ ನಂಬಿ ಕೆಟ್ಟಳಲ್ರಿ ಆಕಿ."

ಆಮೇಲೆ, ಸೂರ್ಯನ ಬೆಳಕು ನಮ್ಮ ಹತ್ತಿರ ಬರಲು ಎಂಟು ನಿಮಿಷ ಬೇಕು ಎಂದು ನೀವೇ ಹೇಳಿದ್ದಿರಿ, ಹಾಗಾದರೆ ನಾವು ನೋಡುವ ಸೂರ್ಯ ಎಂಟು ನಿಮಿಷ ಹಳೆಯದು, ಅದರಲ್ಲಿ ಈ ಆರು ಮುಚ್ಚಿಹೋಗುವುದಿಲ್ಲವೇ ಎಂದು ಕೇಳಿದರು. ಹೌದು ಎಂದುಬಿಡಲು ಬಾಯಿ ತೆರೆದೆ. ಆ ಮುಖ ನೋಡಿ ಸುಳ್ಳು ಬರಲಿಲ್ಲ.

"ಇಲ್ರೀ ಚಾಚಾ. ಆ ಎಂಟು ನಿಮಿಷ ಹೈದರಾಬಾದಿಗೂ ಅಷ್ಟ, ನಮಗೂ ಅಷ್ಟ," ಎಂದೆ.

ತಪ್ಪು ಕಂಡುಹಿಡಿದವಳು ನಾನು, ಅವರೊಬ್ಬರನ್ನೇ ಕಳಿಸಲು ಮನಸ್ಸು ಬರಲಿಲ್ಲ. ಸಂಜೆಯ ಬಸ್ಸಿನಲ್ಲಿ ಜೊತೆಗೇ ಕೊಹಿನೂರಿಗೆ ಹೋದೆ.

ಅವರ ತಾಯಿ ಕರೀಮಾಬಿ ಅಂಗಳದಲ್ಲಿ ಕೂತು ತಾಟಿಗೆ ಖಜೂರ, ಭಜಿ ಜೋಡಿಸುತ್ತಿದ್ದರು. ಚಾಚಾ ಎದುರಿಗೆ ಕುಕ್ಕರುಗಾಲಲ್ಲಿ ಕೂತು, ತಡವರಿಸುತ್ತ ಎಲ್ಲವನ್ನೂ ಹೇಳಿದರು. ಹೇಳುತ್ತ ಹೇಳುತ್ತ ಅತ್ತೇಬಿಟ್ಟರು. ಮುದುಕಿ ಕೈಕೆಲಸ ನಿಲ್ಲಿಸಲಿಲ್ಲ.

"ನಾ ಎಂದ ನಿಮ್ಮ ಕೂಡ ಕುಂತು ರೋಜಾ ಬಿಟ್ಟೀನೋ ಹುಚ್ಚಾ?" ಎಂದರು. "ನಿಮಗ ಶರಬತ್ತ ಹಾಕಿ, ಬಾಜೂ ಹೊಲದ ಭಾಗಮ್ಮನ ಮಕ್ಕಳಿಗಿ ತಾಟು ಕೊಟ್ಟು ತಿರುಗಿ ಬರೂತನ ಹೊತ್ತು ಮುಳುಗಿ ಕತ್ತಲಾಗತಿತ್ತು. ಆಮ್ಯಾಲ ನಾ ನೀರ ಕುಡೀತಿದ್ದೆ. ಮೊದಲು ಅಕಿ ಮಕ್ಕಳು, ಈಗ ಮೊಮ್ಮಕ್ಕಳು. ನಂದೇನೂ ಹೋಗಿಲ್ಲ. ನಿಂದು ನೀ ನೋಡ್ಕೋ."

ಚಾಚಾ ಕಣ್ಣೊರೆಸಿಕೊಳ್ಳುವುದನ್ನೂ ಮರೆತು ತಾಯಿಯನ್ನೇ ನೋಡಿದರು. ಮೂವತ್ತು ವರ್ಷ ಆ ಹೊತ್ತಿನಲ್ಲಿ ಅವರ ಕಣ್ಣು ಗಡಿಯಾರದ ಮುಳ್ಳಿನ ಮೇಲಿತ್ತು. ಪಕ್ಕದಲ್ಲಿ ಅಮ್ಮ ಇಲ್ಲ ಎಂಬುದು ಒಂದು ದಿನವೂ ಕಂಡಿರಲಿಲ್ಲ. ನನ್ನ ಜಂಬದ ಮಾತು ಕೆಡವಬಹುದಾಗಿದ್ದ ಮನಸ್ಸನ್ನು ಆ ತಾಯಿ ಎತ್ತಿ ನಿಲ್ಲಿಸಿದ್ದರು. ಕೈ ಮುಗಿಯಬೇಕೆನಿಸಿತು, ಮುಗಿದೆ. ಅವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ನನಗೊಂದು ಚಾಪೆ ಹಾಸಿದರು.

ಪಟ್ಟಿಯ ಆರು ಇಪ್ಪತ್ತೆರಡು ಬಂತು, ಹೋಯಿತು. ಸೂರ್ಯ ಇನ್ನೂ ಬಯಲಿನ ಅಂಚಿನ ಮೇಲೆ ಕೆಂಪಗೆ ಕೂತಿದ್ದ. ಕರೀಮಾಬಿ ತಾಟು ಹಿಡಿದು ಏಳಲು ಹೊರಟಾಗ ಚಾಚಾ ಅದನ್ನು ಕಸಿದುಕೊಂಡರು. ಇವತ್ತು ನೀ ಕೂಡು, ನಾ ಕೊಟ್ಟು ಬರ್ತೀನಿ ಎಂದು ಚಪ್ಪಲಿಯನ್ನೂ ಮೆಟ್ಟದೆ ಬದುವಿನ ಮೇಲೆ ನಡೆದುಹೋದರು.

ಆರು ಇಪ್ಪತ್ತೆಂಟಕ್ಕೆ ಸೂರ್ಯ ಪೂರ್ತಿ ಇಳಿದ. ಹೊತ್ತು ಮುಳುಗಿತು, ತಗೊಳ್ರಿ ಅಮ್ಮಾ ಎಂದೆ. ಅವರು ಕೈಯಲ್ಲೊಂದು ಖಜೂರ ಹಿಡಿದು ಬದುವಿನ ಕಡೆಗೇ ನೋಡುತ್ತಿದ್ದರು. ಮತ್ತೊಮ್ಮೆ ಹೇಳಿದೆ.

"ತಡಿಯವ್ವ," ಎಂದರು. "ಗಯಾಸು ಬರ್ಲಿ. ಅಂವ ಇನ್ನಾ ನೀರ ಕುಡದಿಲ್ಲ."