ವಿಭೂತಿ ಅಳಿಸುವ ಕ್ಯಾಮೆರಾ

ಪಂಚವಟಿಯಲ್ಲಿ ತಾಮ್ರದ ಗಿಂಡಿ ಮಾರುವ ವಿಶ್ವನಾಥಪ್ಪನ ಹಣೆ ಮೂವತ್ತೊಂದು ವರ್ಷಗಳಲ್ಲಿ ಒಂದು ದಿನವೂ ಬರಿದಾಗಿದ್ದಿಲ್ಲ. ಮೈಗೆ ಜ್ವರವಿರಲಿ, ಗೋದಾವರಿಗೆ ಮಹಾಪೂರ ಬಂದು ಅಂಗಡಿಯೊಳಗೆ ಮೊಣಕಾಲುದ್ದ ನೀರಿರಲಿ, ಮೂರು ಗೆರೆ ವಿಭೂತಿ ಇದ್ದೇ ಇರುತ್ತಿತ್ತು. ಇಂಥವನು ಐವತ್ತೆಂಟನೆಯ ವಯಸ್ಸಿನಲ್ಲಿ ವಿಭೂತಿ ಬಿಟ್ಟವನೆಂಬ ಆರೋಪ ಹೊತ್ತದ್ದು ಒಂದು ಫೋನಿನಿಂದ.

ಆ ವರ್ಷ, ಅಂದರೆ ಎರಡು ಸಾವಿರದ ಹದಿನೇಳರಲ್ಲಿ, ಶ್ರಾವಣದ ಒಂದು ಸೋಮವಾರ ಅವನು ಹೆಂಡತಿಯೊಂದಿಗೆ ವೇರೂಳಿಗೆ ಹೋಗಿದ್ದ. ಘೃಷ್ಣೇಶ್ವರನ ಗುಡಿಯ ಮುಂದೆ ನಿಂತು, ಹೊಸ ಫೋನನ್ನು ಕೈಚಾಚಿ ಹಿಡಿದು, ತನ್ನ ಫೋಟೋ ತಾನೇ ತೆಗೆದು ಭಾಲ್ಕಿಗೆ ಕಳಿಸಿದ. ಭಾಲ್ಕಿಯಲ್ಲಿ ಅವನನ್ನು ಸಾಕಿ ಬೆಳೆಸಿದ ಅಕ್ಕ ನಾಗಮ್ಮ ಇದ್ದಳು. ಅವಳ ಸೊಸೆ ವೈಷ್ಣವಿ ಫೋಟೋ ದೊಡ್ಡದು ಮಾಡಿ, ಅವಳ ಕಣ್ಣ ಹತ್ತಿರ ಹಿಡಿದು ತೋರಿಸಿದಳು.

ಫೋಟೋದಲ್ಲಿ ಸುಕ್ಕು ಇರಲಿಲ್ಲ, ಸಿಡುಬಿನ ಕಲೆ ಇರಲಿಲ್ಲ, ವಿಭೂತಿಯೂ ಇರಲಿಲ್ಲ. ಮುಖ ಚಂದ ಮಾಡಲು ಹೊರಟ ಕ್ಯಾಮೆರಾ ಎಲ್ಲವನ್ನೂ ಒಂದೇ ಕಸಬರಿಗೆಯಲ್ಲಿ ಗುಡಿಸಿತ್ತು.

"ಈಶ್ವರನ ಬಾಗಿಲಿಗಿ ಬರೇ ಹಣಿಲೆ ಹೋದಾಂವ ನನ್ನ ಕೂಡ ಮಾತಾಡೋದು ಬ್ಯಾಡಂತ ಹೇಳು," ಎಂದಳು ನಾಗಮ್ಮ ಸೊಸೆಗೆ.

ಅಂದಿನಿಂದ, ದಿನಾ ದೀಪ ಹಚ್ಚುವ ಹೊತ್ತಿಗೆ ಅಕ್ಕ ತಮ್ಮ ಫೋನಿನಲ್ಲಿ ಆಡುತ್ತಿದ್ದ ಮಾತು ನಿಂತಿತು. ಹೆಂಡತಿ ಸಾಕ್ಷಿ ಹೇಳಿದರೆ, "ಅಕಿ ಅವನ ಕಡಿಯಾಕಿ," ಎಂಬ ಉತ್ತರ ಬಂತು. ಬೇರೆಯವರಿಂದ ಫೋಟೋ ತೆಗೆಸುತ್ತೇನೆಂದರೆ, "ಸ್ಟುಡಿಯೋದಾವ್ರು ಮೀಸಿನೂ ಬರೀತಾರ, ವಿಭೂತಿ ಬರಿಯಲ್ಲೇನು? ತನ್ನ ಕೈಲೆ ತಗದು ಕಳಸಲಿ." ವಿಡಿಯೋ ಕರೆ ಮಾಡಿದರೆ ನೆಟ್ ಸಿಗದೆ ಮುಖ ಬಿಲ್ಲೆಬಿಲ್ಲೆಯಾಗಿ ಒಡೆಯುತ್ತಿತ್ತು.

ಹದಿನೆಂಟು ದಿನ ಕಾದು ವಿಶ್ವನಾಥಪ್ಪ ಆ ಫೋನು ಮಾರಿದ ಮಧುಕರನ ಅಂಗಡಿಗೆ ಹೋದ.

"ಕಾಕಾ, ಜನ ಇದಕ್ಕೇ ದುಡ್ಡು ಕೊಡ್ತಾರೆ," ಎಂದು ಮಧುಕರ ಮರಾಠಿಯಲ್ಲಿ ಹೇಳಿ ನಕ್ಕ. "ಇದು ನಿಮ್ಮ ವಯಸ್ಸನ್ನು ಇಪ್ಪತ್ತೈದಕ್ಕೆ ಇಳಿಸಿದೆ ನೋಡಿ."

"ಇಳಿಸಲಿ. ಇಪ್ಪತ್ತೈದಕ್ಕೂ ನಾನು ಹಚ್ಚುತ್ತಿದ್ದೆ."

ಮಧುಕರ ಕ್ಯಾಮೆರಾದ ಸೌಂದರ್ಯದ ಮಟ್ಟವನ್ನು ಸೊನ್ನೆಗೆ ಇಳಿಸಿದ. ಆದರೂ ಫೋನು ತನ್ನ ಸ್ವಭಾವ ಬಿಡಲಿಲ್ಲ. ಬೇರೆ ಫೋನುಗಳು ಹೊರಬಂದವು. ಒಂದು, ಮೇಲಿನ ಎರಡು ಗೆರೆ ಅಳಿಸಿ ಕೆಳಗಿನದನ್ನು ಮೂರನೆಯ ಹುಬ್ಬಾಗಿ ಉಳಿಸಿತು. ಇನ್ನೊಂದು, ಮೂರನ್ನೂ ಕಲಸಿ ಇಡೀ ಮುಖಕ್ಕೆ ಬಳಿದು ಅವನನ್ನು ಬೆಳ್ಳಗೆ ಮಾಡಿತು. ದಪ್ಪಗೆ ಹಚ್ಚಿಕೊಂಡು ಕುಳಿತರೆ, ಮತ್ತೊಂದು ಫೋನು ಇದು ಮುಖವೇ ಅಲ್ಲವೆಂದು ತೀರ್ಮಾನಿಸಿ, ಹಿಂದಿನ ಕ್ಯಾಲೆಂಡರಿನ ಗಣಪತಿಯ ಸುತ್ತ ಹಳದಿ ಚೌಕ ಹಾಕಿತು.

ಮರುದಿನ ಅವನು ವಿಭೂತಿ ಗಟ್ಟಿಯನ್ನೇ ಜೇಬಿನಲ್ಲಿಟ್ಟುಕೊಂಡು ಬಂದ. ಫೋನು ನೋಡುವುದು, ಹಣೆಗೆ ಹಚ್ಚುವುದು, ಮತ್ತೆ ಫೋನು ನೋಡುವುದು. ಇದನ್ನು ಕಂಡು ಪೂಜಾರಿಯೆಂದೇ ತಿಳಿದ ಗಿರಾಕಿ ಹೆಂಗಸೊಬ್ಬಳು ಆಗಷ್ಟೇ ಕೊಂಡ ಫೋನನ್ನು ಮುಂದೆ ಹಿಡಿದು, "ಮಹಾರಾಜ, ಇದಕ್ಕೂ ಒಂದಿಷ್ಟು ಹಚ್ಚಿ," ಎಂದಳು. ತಾನು ಗಿಂಡಿ ಮಾರುವವನೆಂದರೂ ಕೇಳಲಿಲ್ಲ. ಸಂಜೆಯೊಳಗೆ ಹನ್ನೊಂದು ಫೋನುಗಳು ವಿಭೂತಿ ಹಚ್ಚಿಸಿಕೊಂಡು ಮನೆಗೆ ಹೋದವು. ಮಧುಕರ ಅವನಿಗೆ ಕುರ್ಚಿ ಹಾಕಿಸಿ ಚಹಾ ತರಿಸಿದ.

"ನಾಳೆಯೂ ಬನ್ನಿ ಕಾಕಾ."

"ಫೋನು ಕೊಡಪ್ಪ ಮೊದಲು."

ಕೊನೆಗೆ ಮಧುಕರ ಕೆಳಗಿನ ಖಾನೆಯಿಂದ, ವರ್ಷವಾದರೂ ಯಾರೂ ಕೊಳ್ಳದ ಒಂದನ್ನು ಸಂಕೋಚದಿಂದ ತೆಗೆದ. "ಇದರ ಕ್ಯಾಮೆರಾ ಕೆಟ್ಟದು. ಇದ್ದದ್ದನ್ನೇ ತೋರಿಸುತ್ತದೆ."

ಅದರಲ್ಲಿ ಮೂರು ಗೆರೆ ಮೂರಾಗಿಯೇ ಬಂದವು. ಜೊತೆಗೆ ಸಿಡುಬಿನ ಕಲೆ, ಕಣ್ಣ ಕೆಳಗಿನ ಚೀಲ, ಕಿವಿಯ ಕೂದಲು ಎಲ್ಲ ಬಂದವು. ವಿಶ್ವನಾಥಪ್ಪ ಅದನ್ನೇ ಕೊಂಡ. ಗಿಂಡಿಗಳ ನಡುವೆ ಕುಳಿತು ಫೋಟೋ ಕಳಿಸಿ, ಕಾದ.

ವೈಷ್ಣವಿ ಕರೆ ಮಾಡಿದಳು. "ಮಾವಾರ, ವಿಭೂತಿ ಛಲೋ ಕಾಣ್ತದಂತ್ರಿ."

"ಮತ್ತ?"

"ಈ ಮುದುಕ ಯಾರಂತ ಕೇಳಾಕತ್ತಾರ್ರಿ."

ಹಿಂದಿನಿಂದ ನಾಗಮ್ಮನ ದನಿ ಕೇಳಿಸಿತು. "ಯಾವನೋ ಪೂಜಾರಿದು ಕಳಸ್ಯಾನ. ಮೊದಲ ಬಂದದ್ದು ನನ ತಮ್ಮಂದು. ಅದಕ್ಕ ವಿಭೂತಿ ಹಚ್ಚಿ ಕಳಸಂತ ಹೇಳು."

ವಿಶ್ವನಾಥಪ್ಪ ಕೈಯಲ್ಲಿದ್ದ ಗಿಂಡಿಯನ್ನು ಕೆಳಗಿಟ್ಟ. ಭಾಲ್ಕಿ ಬಿಟ್ಟಾಗ ಅವನಿಗೆ ಇಪ್ಪತ್ತೇಳು. ವರ್ಷಕ್ಕೊಮ್ಮೆ ಹೋಗಿ ಎದುರು ಕೂತಾಗಲೆಲ್ಲ ಅಕ್ಕನ ಪೊರೆ ಬಂದ ಕಣ್ಣು ಆ ಇಪ್ಪತ್ತೇಳನ್ನೇ ನೋಡುತ್ತಿತ್ತೆಂದು ಅವನಿಗೆ ಗೊತ್ತಿರಲಿಲ್ಲ. ಈಗ ಏನು ಹೇಳುವುದು? ನಾನೇ ಆ ಮುದುಕ ಅಂದರೆ, ಅವಳ ತಮ್ಮನನ್ನು ಅವಳಿಂದ ಕಸಿದುಕೊಂಡಂತೆ.

"ವೈಷ್ಣವಿ, ಆ ಮೊದಲಿನ ಫೋಟೋ ತಗಿ," ಎಂದ. "ಈ ಹುಡುಗಗ ತಾನಾಗಿ ಹಚ್ಚಕೊಳ್ಳಾಕ ಬರಂಗಿಲ್ಲಂತ, ಅಕ್ಕನೇ ಹಚ್ಚಬೇಕಂತ ಹೇಳವ್ವ."

"ಫೋನ್ ಕೆಡ್ತದ್ರಿ ಮಾವಾರ."

"ಕೆಡಲಿ. ಹೊಸದು ಕೊಡಸ್ತೀನಿ."

ಅತ್ತ ಏನೋ ಸರಿದಾಡಿತು. ಪಾಟಿಯ ಮೇಲೆ ಬಳಪ ಎಳೆದಂತೆ ಸದ್ದಾಯಿತು. "ಅತ್ತಿಯಾರ, ಬೆರಳು ತಾಗಿ ಫೋಟೋ ಸರೀತು, ಗ್ಯಾಸಿನ ಪಾವತಿಗಿ ಹಚ್ಚೀರಿ," ಎಂದು ವೈಷ್ಣವಿ ಗೊಣಗಿದಳು. ಮತ್ತೆ ಸದ್ದು. ಆಮೇಲೆ ತೀರ ಹತ್ತಿರದಿಂದ, ಹತ್ತೊಂಬತ್ತು ದಿನ ಅವನೊಡನೆ ಮಾತಾಡದ ದನಿ:

"ತಮ್ಮಾ, ಅಲ್ಲಾಡಬ್ಯಾಡ. ಸೊಟ್ಟ ಆತದ."

ಅಂಗಡಿಯೆದುರು ಯಾತ್ರಿಕನೊಬ್ಬ ಗಿಂಡಿಯ ಬೆಲೆ ಕೇಳಿದ, ಎರಡು ಸಲ ಕೇಳಿದ. ವಿಶ್ವನಾಥಪ್ಪ ಹಣೆ ಎತ್ತಿ, ಕಣ್ಣು ಮುಚ್ಚಿ, ಅಲ್ಲಾಡದೆ ಕುಳಿತಿದ್ದ.